ಕೇಳಿ ಪಡೆದ ಬಣ್ಣಗಳು

ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದ ಕಾಲಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣ ತಾನಾಗಿ ಸಿಗುತ್ತಿರಲಿಲ್ಲ. ಕೇಳಿ ಪಡೆಯಬೇಕಿತ್ತು. ಕೇಳಿದವರಿಗೆಲ್ಲ ಸಿಗುತ್ತದೆ ಅನ್ನುವ ಖಾತ್ರಿಯೂ ಇರಲಿಲ್ಲ. ಸಿಕ್ಕರೆ ಕೈಗೆ ಬರುತ್ತಿದ್ದುದು ಒಂದು ನಂಬರು. ಕೆಲಸ ಮುಗಿದ ಮೇಲೆ ಅದನ್ನು ಹಿಂದಿರುಗಿಸಬೇಕು. ಒಂದು ಗುಂಡಿಗೆ ಹಸಿರು ಬಳಿಯಲು ಇಷ್ಟೆಲ್ಲ ವ್ಯವಹಾರವೇ ಎಂದು ಈಗಿನವರು ಕೇಳುತ್ತಾರೆ. ಇಷ್ಟೆಲ್ಲ ಇತ್ತು. ಕೆಲವು ವರ್ಷ ನನ್ನ ಹೊಟ್ಟೆ ಹೊರೆದದ್ದೇ ಈ ವ್ಯವಹಾರ.

1996ರ ಸುಮಾರು. ನಮ್ಮದು ಒಂದು ಸಣ್ಣ ಕಂಪನಿ. ಕುಡಿಯುವ ನೀರಿನ ಪಂಪ್‌ಹೌಸ್‌ಗಳನ್ನು ದೂರದಿಂದಲೇ ನೋಡಿಕೊಳ್ಳುವ ಪರದೆಗಳನ್ನು ಬರೆಯುತ್ತಿದ್ದೆವು. ಯಾವ ಪಂಪು ಓಡುತ್ತಿದೆ, ಯಾವ ವಾಲ್ವು ಮುಚ್ಚಿದೆ, ತೊಟ್ಟಿಯಲ್ಲಿ ನೀರೆಷ್ಟು, ಎಲ್ಲ ಒಂದೇ ಚಿತ್ರದಲ್ಲಿ ಕಾಣಬೇಕು. ಯುನಿಕ್ಸ್ ವರ್ಕ್‌ಸ್ಟೇಷನ್ನು, ಅದರ ಮೇಲೆ ಎಕ್ಸ್ ವಿಂಡೋ ಸಿಸ್ಟಮ್, ಅದರ ಮೇಲೆ ಮೋಟಿಫ್ ಎಂಬ ಲೈಬ್ರರಿ. ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ನಾವು ಬಳಸುತ್ತಿದ್ದ ಹನ್ನೊಂದನೆಯ ಆವೃತ್ತಿ 1987ರದು. ಹೆಸರಿಗೆ ಇಂದಿಗೂ ಅದೇ ಹನ್ನೊಂದು ನಡೆಯುತ್ತಿದೆ.

ಆ ಯಂತ್ರಗಳಲ್ಲಿ ಪರದೆಯ ಒಂದು ಚುಕ್ಕಿಗೆ ಎಂಟು ಬಿಟ್. ಅಂದರೆ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ. ಆ ಸಂಖ್ಯೆಯೇ ಬಣ್ಣವಲ್ಲ. ಯಂತ್ರದಲ್ಲಿ 256 ಖಾನೆಗಳ ಒಂದು ಪಟ್ಟಿ ಇರುತ್ತಿತ್ತು, ಅದಕ್ಕೆ ಕಲರ್‌ಮ್ಯಾಪ್ ಎನ್ನುತ್ತಿದ್ದೆವು. ಪ್ರತಿ ಖಾನೆಯಲ್ಲೂ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂಬ ಲೆಕ್ಕ. ಚುಕ್ಕಿಯಲ್ಲಿ 57 ಎಂದಿದ್ದರೆ ಯಂತ್ರ 57ನೇ ಖಾನೆ ನೋಡಿ ಅಲ್ಲಿರುವ ಬಣ್ಣ ಬೆಳಗಿಸುತ್ತದೆ. ಲಕ್ಷಾಂತರ ಬಣ್ಣಗಳಲ್ಲಿ ಯಾವುದನ್ನು ಬೇಕಾದರೂ ಆರಿಸಬಹುದು, ಆದರೆ ಒಂದು ಹೊತ್ತಿಗೆ ಪರದೆಯ ಮೇಲೆ ಇರಬಹುದಾದದ್ದು 256 ಮಾತ್ರ. ಈ ಜಿಪುಣತನಕ್ಕೆ ಕಾರಣ ಮೆಮೊರಿಯ ಬೆಲೆ. 1152 ಅಡ್ಡ, 900 ಉದ್ದದ ಪರದೆಗೆ ಚುಕ್ಕಿಗೊಂದು ಬೈಟ್ ಎಂದರೂ 10,36,800 ಬೈಟು ಆಯಿತು. ಪಟ್ಟಿಯ ಹಂಗಿಲ್ಲದೆ ಚುಕ್ಕಿಯಲ್ಲೇ ಬಣ್ಣ ಬರೆಯುವ ನಿಜಬಣ್ಣ ಬೇಕೆಂದರೆ ಅದರ ಮೂರುಪಟ್ಟು. ಅಂಥ ಕಾರ್ಡು ಕೊಳ್ಳುವ ಗಿರಾಕಿ ನಮಗೆ ಸಿಕ್ಕಿರಲಿಲ್ಲ.

ಈ 256 ಖಾನೆಗಳು ಒಬ್ಬರ ಸೊತ್ತಲ್ಲ. ಪರದೆಯ ಮೇಲಿನ ಗಡಿಯಾರ, ಟರ್ಮಿನಲ್, ವಿಂಡೋ ಮ್ಯಾನೇಜರ್, ನಮ್ಮ ಪಂಪಿನ ಚಿತ್ರ, ಎಲ್ಲವೂ ಅವುಗಳಲ್ಲೇ ಹಂಚಿಕೊಂಡು ಬಾಳಬೇಕು. ಅದಕ್ಕಾಗಿ ಎಕ್ಸ್‌ನಲ್ಲಿ ಎರಡು ದಾರಿ ಇದ್ದವು. ಎಕ್ಸ್‌ಅಲಾಕ್‌ಕಲರ್ ಎಂಬ ಫಂಕ್ಷನ್ನಿಗೆ ‘ಇಂಥ ಬಣ್ಣ ಬೇಕು’ ಎಂದರೆ, ಅದೇ ಬಣ್ಣ ಹಂಚಿಕೆಯ ಖಾನೆಯೊಂದರಲ್ಲಿ ಆಗಲೇ ಇದ್ದರೆ ಆ ಖಾನೆಯ ನಂಬರನ್ನೇ ನಮಗೂ ಕೊಡುತ್ತದೆ. ಇಲ್ಲದಿದ್ದರೆ ಹೊಸ ಖಾನೆ ತೆರೆಯುತ್ತದೆ. ಇದು ಹಂಚಿಕೆಯ ಖಾನೆ, ಯಾರೂ ಬದಲಿಸುವಂತಿಲ್ಲ. ಎರಡನೆಯದು ಖಾಸಗಿ ಖಾನೆ: ನಮ್ಮದೇ, ಬೇಕೆಂದಾಗ ಬಣ್ಣ ಬದಲಿಸಬಹುದು, ಆದರೆ ಬೇರೆಯವರಿಗೆ ಅದು ಪೂರ್ತಿ ನಷ್ಟ. ಕೊರ್ಲಹಳ್ಳಿಯಲ್ಲಿ ನಾವು ಹುಡುಗರು ಎಸ್ಸೆಸ್ಸೆಲ್ಸಿಗೆ ಓದಿದ್ದು ಗುಡಿ ಕಟ್ಟೆಯ ಒಂದೇ ಬಲ್ಬಿನ ಕೆಳಗೆ. ಎಷ್ಟು ಮಂದಿ ಬಂದು ಕೂತರೂ ಬೆಳಕು ಕಮ್ಮಿಯಾಗುತ್ತಿರಲಿಲ್ಲ. ಆದರೆ ಯಾರೂ ಬಲ್ಬು ಬದಲಿಸುವಂತಿಲ್ಲ, ಕೊನೆಗೆ ಎದ್ದವನು ಆರಿಸಿ ಹೋಗಬೇಕು. ಹಂಚಿಕೆಯ ಖಾನೆಯ ಕಾನೂನೂ ಇಷ್ಟೇ. ಎಷ್ಟು ಮಂದಿ ಹಿಡಿದಿದ್ದಾರೆಂದು ಎಕ್ಸ್ ಸರ್ವರ್ ಎಣಿಸುತ್ತಿರುತ್ತದೆ. ಕೊನೆಯವರು ಬಿಟ್ಟಾಗ ಖಾನೆ ಖಾಲಿ.

ಬಿಡುವುದೇ ತೊಂದರೆ. ಕೇಳುವುದು ಎಲ್ಲರಿಗೂ ನೆನಪಿರುತ್ತದೆ, ವಾಪಸು ಕೊಡುವುದು ಯಾರಿಗೂ ನೆನಪಿರುವುದಿಲ್ಲ. ಪ್ರೋಗ್ರಾಮು ಮುಚ್ಚಿದರೆ ಸರ್ವರ್ ತಾನೇ ಎಲ್ಲವನ್ನೂ ಹಿಂಪಡೆಯುತ್ತಿತ್ತು, ಹಾಗಾಗಿ ದಿನಾ ಮುಚ್ಚಿ ತೆರೆಯುವ ಪ್ರೋಗ್ರಾಮುಗಳಲ್ಲಿ ಈ ಸೋರಿಕೆ ಕಾಣಿಸುವುದೇ ಇಲ್ಲ. ಪಂಪ್‌ಹೌಸಿನ ಪರದೆಯನ್ನು ತಿಂಗಳುಗಟ್ಟಲೆ ಮುಚ್ಚುವುದಿಲ್ಲ.

ಹಚ್ಚಿದ ಬಣ್ಣ ಬಿಡಿಸುವ ಕಷ್ಟ ನನಗೆ ಹುಡುಗನಾಗಿದ್ದಾಗಲೇ ಗೊತ್ತಿತ್ತು. ನನ್ನ ಸೋದರಮಾವ ಗದಗಿನ ಒಂದು ಪ್ರೆಸ್ಸಿನಲ್ಲಿದ್ದ. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು. ನಮ್ಮ ಜಿಲ್ಲೆ ಆಗಿನ್ನೂ ಧಾರವಾಡ. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೇಸಿಗೆ ಸೂಟಿಯಲ್ಲಿ ಕೊರ್ಲಹಳ್ಳಿಯಿಂದ ಮುಂಡರಗಿ, ಅಲ್ಲಿಂದ ಗದಗ, ಬಸ್ಸಿಳಿದರೆ ಸೀದಾ ಪ್ರೆಸ್ಸು. ಲಗ್ನಪತ್ರಿಕೆಯ ಹಂಗಾಮು. ಅಚ್ಚುಮೊಳೆಯ ಟ್ರೆಡಲ್ ಮಷಿನ್ನು, ಕಾಲಿನಲ್ಲಿ ತುಳಿಯುವುದು. ಎರಡು ಬಣ್ಣದ ಪತ್ರಿಕೆಯೆಂದರೆ ಪ್ರತಿ ಹಾಳೆ ಮಷಿನ್ನಿಗೆ ಎರಡು ಸಲ ಹೋಗಬೇಕು: ಮೊದಲು ಹಳದಿ, ಆಮೇಲೆ ಕೆಂಪು. ತಿಳಿಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ನಡುವೆ ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು. ಒಂದು ಸಲ ಒರೆಸಿದರೆ ಸಾಲದು. ಒರೆಸಿದ ಮೇಲೂ ಹಳೆಯ ಹಾಳೆಯೊಂದನ್ನು ತುಳಿದು ನೋಡಿದರೆ ಅಂಚಿನಲ್ಲಿ ಹಳದಿಯ ಗೆರೆ ಬರುತ್ತಿತ್ತು. ಮತ್ತೆ ಅರಿವೆ, ಮತ್ತೆ ಸೀಮೆಎಣ್ಣೆ. ಅದು ನನ್ನ ಕೆಲಸ. ಬ್ಯಾಸರಾಗಿ ಗೊಣಗಿದರೆ ಮಾವ ಹೇಳುತ್ತಿದ್ದ: “ಬಣ್ಣ ಹಚ್ಚೋದು ಯಾರಾರ ಹಚ್ಚತಾರ. ತೊಳಿಯಾವ ಬೇಕಲೇ ಇಲ್ಲಿ.”

ಗುಲಾಬಿ ಬಣ್ಣದ ಶಾಯಿಯನ್ನು ಮಾವ ಕೊಂಡದ್ದು ನಾನು ನೋಡಲಿಲ್ಲ. ಗುಲಾಬಿ ಬೇಕೆಂದರೆ ಕೆಂಪಿನದೇ ಸಣ್ಣ ಸಣ್ಣ ಚುಕ್ಕಿಗಳ ಬ್ಲಾಕು. ಕಣ್ಣಿಗೆ ಹತ್ತಿರ ಹಿಡಿದರೆ ಚುಕ್ಕಿ, ದೂರ ಹಿಡಿದರೆ ಗುಲಾಬಿ. ಮೋಟಿಫಿನ ಕಾಲದಲ್ಲಿ ಡಿದರಿಂಗ್ ಅನ್ನುವ ವಿದ್ಯೆಯನ್ನು ಪುಸ್ತಕದಲ್ಲಿ ಓದುತ್ತಿದ್ದಾಗ ಆ ಬ್ಲಾಕುಗಳನ್ನು ಒರೆಸಿದ ಕೈ ನನ್ನದೇ ಅನ್ನಿಸಿ ನಗು ಬಂತು.

ನಮ್ಮ ಪರದೆಗಳು ಹೆಚ್ಚು ತಂಟೆಯಿಲ್ಲದೆ ನಡೆಯುತ್ತಿದ್ದವು, ನೆಟ್‌ಸ್ಕೇಪ್ ಎಂಬ ಬ್ರೌಸರ್ ಬರುವವರೆಗೆ. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ಟು ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರು ವರ್ಷಕ್ಕೆಲ್ಲ ಕೆಲವು ಗಿರಾಕಿಗಳ ಕಂಟ್ರೋಲ್ ರೂಮಿನ ಯಂತ್ರದಲ್ಲೂ ಯಾರೋ ನೆಟ್‌ಸ್ಕೇಪ್ ಹಾಕಿಕೊಂಡಿದ್ದರು. ಅದು ಭಾರಿ ಹಸಿವಿನ ಪ್ರಾಣಿ. ತೆರೆದ ಕೂಡಲೇ ಆರು ಮಟ್ಟದ ಕೆಂಪು, ಆರು ಮಟ್ಟದ ಹಸಿರು, ಆರು ಮಟ್ಟದ ನೀಲಿ ಗುಣಿಸಿ 216 ಬಣ್ಣಗಳ ಒಂದು ಘನವನ್ನೇ ಕೇಳುತ್ತಿತ್ತು. ಉಳಿದದ್ದು ನಲವತ್ತು ಖಾನೆ, ಅದರಲ್ಲೇ ಮಿಕ್ಕವರೆಲ್ಲರ ಸಂಸಾರ. ಬೆಳಿಗ್ಗೆ ನಮ್ಮ ಪ್ರೋಗ್ರಾಮು ಮೊದಲು ಏರಿದರೆ ನೆಟ್‌ಸ್ಕೇಪಿನ ಚಿತ್ರಗಳು ಕೆಡುತ್ತಿದ್ದವು. ನೆಟ್‌ಸ್ಕೇಪ್ ಮೊದಲು ಏರಿದರೆ ನಮ್ಮ ಪಂಪುಗಳು ಕೆಡುತ್ತಿದ್ದವು.

ಒಂದು ಊರಿನಲ್ಲಿ ಹಾಗೆಯೇ ಆಯಿತು. ಪಂಪಿನ ಬೇರಿಂಗ್ ಕಾದಾಗ ಆ ಪಂಪಿನ ಚಿತ್ರ ಕೆಂಪಾಗಬೇಕು. ಕಾದಾಗಲೇ ಕೆಂಪನ್ನು ಕೇಳುವಂತೆ ಕೋಡು ಬರೆಯಲಾಗಿತ್ತು. ಅಂದು ಕೇಳಿದಾಗ ಖಾನೆ ಖಾಲಿಯಿರಲಿಲ್ಲ. ಎಕ್ಸ್‌ಅಲಾಕ್‌ಕಲರ್ ‘ಇಲ್ಲ’ ಎಂದು ಸೊನ್ನೆ ಹಿಂದಿರುಗಿಸಿತು, ಅದನ್ನು ಯಾರೂ ನೋಡಲಿಲ್ಲ, ಚಿತ್ರ ಸೊನ್ನೆಯ ಖಾನೆಯ ಬಣ್ಣದಲ್ಲೇ ಮೂಡಿತು. ಸೊನ್ನೆಯ ಖಾನೆಯಲ್ಲಿ ಕೆಲವು ಯಂತ್ರಗಳಲ್ಲಿ ಕಪ್ಪು ಇರುತ್ತಿತ್ತು, ಕೆಲವದರಲ್ಲಿ ಬಿಳಿ. ಅಲ್ಲಿ ಕಪ್ಪಿತ್ತು. ಆಪರೇಟರಿಗೆ ಕಂಡದ್ದು ಒಂದು ಕಪ್ಪು ಪಂಪು. ಕಪ್ಪು ಎಂದರೆ ಏನೆಂದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಆತ ಅದನ್ನು ‘ಬಂದ್ ಇದೆ’ ಎಂದು ಓದಿಕೊಂಡ. ಹಿಂದಿನ ಟರ್ಮಿನಲ್ಲಿನಲ್ಲಿ ಮಾತ್ರ ‘ಕಲರ್‌ಮ್ಯಾಪಿನಲ್ಲಿ ಜಾಗವಿಲ್ಲ’ ಎಂಬರ್ಥದ ಇಂಗ್ಲಿಷ್ ಎಚ್ಚರಿಕೆಗಳು ಸಾಲುಸಾಲಾಗಿ ಬಿದ್ದಿದ್ದವು. ಟರ್ಮಿನಲ್ಲನ್ನು ಯಾರು ನೋಡುತ್ತಾರೆ? ಬೇರಿಂಗ್ ಹೋದದ್ದು ಹೋಯಿತು, ಹೆಚ್ಚಿನ ಅನಾಹುತವಾಗಲಿಲ್ಲ.

ಪರಿಹಾರವೆಂದು ಮೊದಲು ಹೊಳೆಯುವುದು ನಮ್ಮದೇ ಪ್ರತ್ಯೇಕ ಕಲರ್‌ಮ್ಯಾಪು. ಅದನ್ನೂ ಹಾಕಿ ನೋಡಿದೆವು. ಆದರೆ ಯಂತ್ರಾಂಶದಲ್ಲಿ ಒಂದು ಹೊತ್ತಿಗೆ ಕೂರುವುದು ಒಂದೇ ಪಟ್ಟಿ. ಮೌಸು ನಮ್ಮ ಕಿಟಕಿಯ ಮೇಲೆ ಬಂದರೆ ನಮ್ಮ ಪಟ್ಟಿ ಏರುತ್ತದೆ, ನಮ್ಮ ಬಣ್ಣ ಸರಿ. ಉಳಿದ ಕಿಟಕಿಗಳ ನಂಬರುಗಳು ಹಾಗೇ ಇದ್ದು ಅರ್ಥ ಮಾತ್ರ ಬದಲಾಗಿ, ಗಡಿಯಾರ ನೇರಳೆ, ಅಕ್ಷರ ಹಸಿರು, ಹಿನ್ನೆಲೆ ಕಣ್ಣು ಕುಕ್ಕುವ ಹಳದಿ. ಮೌಸು ಆಚೆ ಸರಿದರೆ ಆ ಹುಚ್ಚು ನಮ್ಮ ಕಿಟಕಿಗೆ. ಪಂಪುಗಳೆಲ್ಲ ಬಣ್ಣದ ಓಕುಳಿಯಲ್ಲಿ ಮುಳುಗೆದ್ದ ಹಾಗೆ ಕಾಣುವ ಪರದೆಯ ಮುಂದೆ ಎಂಟು ತಾಸಿನ ಪಾಳಿ ಕೂರು ಎಂದು ಯಾರಿಗಾದರೂ ಹೇಳಲು ಬರುತ್ತದೆಯೇ?

ಕೊನೆಗೆ ನನಗೆ ಒಪ್ಪಿಸಿದ್ದು ಬಣ್ಣದ ಆಡಳಿತ. ಉಳಿದ ಕೋಡಿನವರು ಯಾರೂ ಎಕ್ಸ್‌ನ ಬಳಿ ನೇರ ಹೋಗಿ ಬಣ್ಣ ಕೇಳಕೂಡದು, ಎಲ್ಲ ನನ್ನ ಲೈಬ್ರರಿಯ ಮೂಲಕವೇ ಆಗಬೇಕು. ಬರೆಯುವುದು ಕಷ್ಟವಿರಲಿಲ್ಲ. ಯಾವ ಬಣ್ಣಗಳನ್ನು ಮೊದಲೇ ಹಿಡಿದಿಟ್ಟುಕೊಳ್ಳಬೇಕು ಅನ್ನುವ ಪಟ್ಟಿ ಮಾಡುವುದೇ ಕಷ್ಟ. ಎಲ್ಲರೂ ತಮ್ಮ ಬಣ್ಣ ಮುಖ್ಯ ಎನ್ನುವವರೇ. ಎಕ್ಸ್ ಜೊತೆಗೆ ಬರುತ್ತಿದ್ದ ಹೆಸರುಗಳ ಕಡತವಂತೂ ನಮ್ಮ ಹುಡುಗರ ತಲೆ ಕೆಡಿಸಿತ್ತು. ಕ್ರೆಯಾನ್ ಪೆಟ್ಟಿಗೆಯಿಂದ ಕೆಲವು, ಬಣ್ಣದ ಕಂಪನಿಯ ಮಾದರಿಗಳಿಂದ ಕೆಲವು ಹೆಸರು ಅದರೊಳಗೆ ಸೇರಿಕೊಂಡಿದ್ದವು: ಪಪಾಯಾ ವಿಪ್, ಪೀಚ್ ಪಫ್, ಲೆಮನ್ ಶಿಫಾನ್. ಒಬ್ಬ ತನ್ನ ತೊಟ್ಟಿಗಳಿಗೆ ಪೀಚ್ ಪಫ್ ಬಳಿದಿದ್ದ. ಮೋಟಿಫಿನಲ್ಲಿ ಒಂದು ಹಿನ್ನೆಲೆ ಬಣ್ಣ ಎಂದರೆ ಒಂದೇ ಖಾನೆಯಲ್ಲ. ಗುಂಡಿ ಉಬ್ಬಿದಂತೆ ಕಾಣಲು ಮೇಲಂಚಿನ ಬೆಳಕು, ಕೆಳಂಚಿನ ನೆರಳು, ಒತ್ತಿದಾಗಿನ ಬಣ್ಣ, ಅಕ್ಷರದ ಬಣ್ಣ, ಇಷ್ಟನ್ನೂ ಲೈಬ್ರರಿ ತಾನೇ ಲೆಕ್ಕ ಹಾಕಿ ತೆಗೆದುಕೊಳ್ಳುತ್ತಿತ್ತು. ಪೀಚ್ ಪಫ್ ಆತನೊಬ್ಬನ ಹೊಟ್ಟೆಗೆ ಹೋದರೂ ಐದು ಖಾನೆ ತಿಂದಿತ್ತು.

ಆ ಪಟ್ಟಿ ನಾನು ಮಾಡಿದ್ದು ಊರಲ್ಲಿ, ರಜೆಯ ಮೇಲೆ ಹೋದಾಗ. ತುಂಗಭದ್ರೆಯ ದಂಡೆಯ ಊರು ನಮ್ಮದು. ಹೊಳೆಯ ನೀರನ್ನು ಹೊಲಕ್ಕೆ ಎತ್ತುವ ಮೋಟಾರುಗಳು ಸಾಲಾಗಿವೆ. ಪ್ರತಿ ಮೋಟಾರಿನ ಸ್ಟಾರ್ಟರ್ ಬೋರ್ಡಿನ ಮೇಲೆ ಮೂರು ಪುಟ್ಟ ದೀಪ: ಕೆಂಪು, ಹಳದಿ, ನೀಲಿ. ಮೂರು ಫೇಸಿಗೆ ಮೂರು. ಕರೆಂಟು ಬಂದ ಕೂಡಲೇ ಗುಂಡಿ ಒತ್ತುವುದಲ್ಲ. ಮೊದಲು ದೀಪ ನೋಡಬೇಕು. ಒಂದು ಫೇಸು ಇಲ್ಲದೆ ಮೋಟಾರು ಓಡಿಸಿದರೆ ಉಳಿದೆರಡು ತಂತಿಗಳಲ್ಲಿ ಕರೆಂಟು ಮಿತಿಮೀರಿ ಹರಿದು ವೈಂಡಿಂಗ್ ಸುಟ್ಟು ಕರಕಲಾಗುತ್ತದೆ. ರಿವೈಂಡಿಂಗಿಗೆ ಮೋಟಾರು ಎತ್ತಿ ಮುಂಡರಗಿಗೆ ಒಯ್ಯಬೇಕು, ಅಷ್ಟರಲ್ಲಿ ಬೆಳೆ ಒಣಗುತ್ತದೆ.

ರಾತ್ರಿ ಪಾಳಿಯ ಕರೆಂಟಿಗೆ ಅಣ್ಣನ ಜೊತೆ ಹೋಗಿದ್ದೆ. ಬೋರ್ಡಿನ ಹತ್ತಿರ ನಾನಿದ್ದೆ, ಅಣ್ಣ ದೂರ ಬದುವಿನ ಮೇಲೆ.

“ಮೂರೂ ಹತ್ತ್ಯಾವೇನು?”

“ಹಳದಿ ಹತ್ತಿಲ್ಲ.”

“ಹಂಗಾರ ಮುಟ್ಟಬ್ಯಾಡ ಅದನ್ನ.”

ಕಾಯುತ್ತ ಕೂತಾಗ ನನ್ನ ಕೆಲಸದ ಸುದ್ದಿ ಬಂತು. ನಿನ್ನ ಪರದೆಯೊಳಗ ಎಷ್ಟು ಬಣ್ಣ ಅಂದ. ಇನ್ನೂರ ಐವತ್ತಾರು ಇದ್ದರೂ ಸಾಲುತ್ತಿಲ್ಲ ಅಂದೆ. “ಅಷ್ಟ್ಯಾಕ ಬೇಕು? ಯಾವುದು ಹೋದ್ರ ಮೋಟಾರು ಸುಡತೈತಿ, ಅಷ್ಟು ಹೇಳು ಸಾಕು.”

ಅಣ್ಣನಿಗೆ ಅದು ಬೆಳೆಯ ಚಿಂತೆಯ ನಡುವಿನ ಒಂದು ಮಾತು. ನಾನು ಮಾತ್ರ ಮಾರನೆಯ ದಿನ ನೋಟುಬುಕ್ಕಿನಲ್ಲಿ ಪಟ್ಟಿಯನ್ನು ಹಾಗೇ ಎರಡು ಭಾಗ ಮಾಡಿದೆ. ಯಾವ ಬಣ್ಣ ಸಿಗದಿದ್ದರೆ ಏನಾದರೂ ಸುಡುತ್ತದೋ ಅವು ಒಂದು ಕಡೆ: ಅಲಾರಮ್ಮಿನ ಕೆಂಪು, ಎಚ್ಚರಿಕೆಯ ಹಳದಿ, ಸಂಪರ್ಕ ಕಡಿದುಹೋದಾಗಿನ ನೇರಳೆ, ಓಡುತ್ತಿದೆ, ನಿಂತಿದೆ. ಇವನ್ನು ಪ್ರೋಗ್ರಾಮು ಏರುವಾಗಲೇ ಕೇಳಿ ಹಿಡಿದುಕೊಳ್ಳಬೇಕು, ಸಿಗದಿದ್ದರೆ ಪ್ರೋಗ್ರಾಮು ಶುರುವೇ ಆಗಕೂಡದು. ಪೀಚ್ ಪಫ್ ಮುಂತಾದವು ಇನ್ನೊಂದು ಕಡೆ; ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇದ್ದುದರಲ್ಲೇ ಹತ್ತಿರದ್ದು. ಮೊದಲ ಭಾಗದಲ್ಲೂ ಜಗಳ ಇಲ್ಲದಿರಲಿಲ್ಲ. ವಿದ್ಯುತ್ ಇಲಾಖೆಯ ಪದ್ಧತಿಯಲ್ಲಿ ಕೆಂಪು ದೀಪವೆಂದರೆ ಬ್ರೇಕರ್ ಕೂತಿದೆ, ಕರೆಂಟು ಹರಿಯುತ್ತಿದೆ ಎಂದು. ಹಸಿರೆಂದರೆ ಬಿಟ್ಟಿದೆ ಎಂದು. ನೀರಿನವರಿಗೆ ಹಸಿರೇ ಓಡುವುದು. ಒಂದೇ ಪರದೆಯಲ್ಲಿ ಬ್ರೇಕರೂ ಪಂಪೂ ಇರುವಾಗ ಯಾರ ಮಾತು ಕೇಳುವುದು? ಬ್ರೇಕರನ್ನು ಚೌಕವಾಗಿ, ಪಂಪನ್ನು ಗೋಲಾಗಿ ಬರೆದು ಬಣ್ಣದ ಮೇಲಿನ ಭಾರ ಇಳಿಸಿದೆವು.

‘ಹತ್ತಿರದ ಬಣ್ಣ’ ಎಂಬುದೂ ಸುಲಭದ ಮಾತಲ್ಲ. ಕೆಂಪು, ಹಸಿರು, ನೀಲಿಗಳ ಅಂತರವನ್ನು ಸಮನಾಗಿ ಕೂಡಿದರೆ ಕಣ್ಣು ಒಪ್ಪದ ಉತ್ತರ ಬರುತ್ತದೆ, ಏಕೆಂದರೆ ಕಣ್ಣಿಗೆ ಹಸಿರಿನ ಏರಿಳಿತ ಹೆಚ್ಚು ತಿಳಿಯುತ್ತದೆ, ನೀಲಿಯದು ಬಹಳ ಕಡಿಮೆ. ಟೀವಿಯವರು ಎಂದೋ ಕಂಡುಕೊಂಡ ತೂಕಗಳು ಇದ್ದವು: ಕೆಂಪಿಗೆ 0.30, ಹಸಿರಿಗೆ 0.59, ನೀಲಿಗೆ 0.11. ಅವನ್ನೇ ಹಾಕಿದೆ. ತೊಟ್ಟಿಯ ನೀಲಿಗೆ ಚೆನ್ನಾಗಿ ನಡೆಯಿತು. ಆದರೆ ಇದನ್ನು ಎಚ್ಚರಿಕೆಯ ಬಣ್ಣಗಳಿಗೆ ಬಿಟ್ಟರೆ ಕಿತ್ತಳೆ ಹೋಗಿ ಹತ್ತಿರದ ಕೆಂಪಾಗಿಬಿಡುತ್ತದೆ. ಸಣ್ಣ ತಕರಾರು ದೊಡ್ಡ ಅಪಾಯದ ವೇಷದಲ್ಲಿ ಬರುತ್ತದೆ. ಎಚ್ಚರಿಕೆಯ ಬಣ್ಣಗಳಿಗೆ ಹತ್ತಿರ ದೂರ ಇಲ್ಲ, ಅದೇ ಬೇಕು.

ಈ ಎಲ್ಲ ಗೋಳಾಟದ ನಡುವೆ ಒಂದು ಸುಖವಿತ್ತು, ಅದನ್ನು ಹೇಳದೆ ಬಿಡಲಾರೆ. ಅಲಾರಮ್ಮು ಮಿನುಗಬೇಕಲ್ಲ? ಮಿನುಗಿಸಲು ಪ್ರತಿ ಅರ್ಧ ಸೆಕೆಂಡಿಗೆ ಆ ಪಂಪನ್ನು ಮತ್ತೆ ಮತ್ತೆ ಬರೆಯಬೇಕು. ಇಪ್ಪತ್ತು ಪಂಪು ಒಟ್ಟಿಗೆ ಕಿರುಚಿದರೆ ಆಗಿನ ಯಂತ್ರ ತೆವಳುತ್ತಿತ್ತು. ನಾನು ಒಂದೇ ಒಂದು ಖಾಸಗಿ ಖಾನೆ ತೆಗೆದುಕೊಂಡು ಅಲಾರಮ್ಮಿನ ಚಿತ್ರಗಳನ್ನೆಲ್ಲ ಅದರ ನಂಬರಿನಲ್ಲಿ ಬರೆಸಿದೆ. ಆಮೇಲೆ ಮಾಡಬೇಕಾದದ್ದು ಎಕ್ಸ್‌ಸ್ಟೋರ್‌ಕಲರ್ ಎಂಬ ಒಂದೇ ಕರೆ: ಆ ಖಾನೆಯ ಬಣ್ಣವನ್ನು ಒಮ್ಮೆ ಕೆಂಪು, ಒಮ್ಮೆ ಬೂದು ಮಾಡುವುದು. ಪರದೆಯ ಮೇಲೆ ಒಂದು ಚುಕ್ಕಿಯನ್ನೂ ಮುಟ್ಟದೆ, ಎಲ್ಲ ಕಿಟಕಿಗಳಲ್ಲಿನ ಎಲ್ಲ ಅಲಾರಮ್ಮುಗಳೂ ಒಂದೇ ತಾಳಕ್ಕೆ ಮಿನುಗುತ್ತಿದ್ದವು. ಅದಕ್ಕಿಂತ ಅಂದವಾದ ಕೋಡು ನಾನು ಮುಂದೆ ಬರೆದಿಲ್ಲ.

ಅದನ್ನು ಕೊಂದದ್ದು ಸಮೃದ್ಧಿ. ಮೆಮೊರಿ ಅಗ್ಗವಾಯಿತು, 24 ಬಿಟ್ಟಿನ ಕಾರ್ಡುಗಳು ಬಂದವು. ಅಲ್ಲಿ ಚುಕ್ಕಿಯ ಸಂಖ್ಯೆಯೇ ಬಣ್ಣ, ಬದಲಿಸಲು ಖಾನೆಯೇ ಇಲ್ಲ. 1,67,77,216 ಬಣ್ಣ ಒಟ್ಟಿಗೆ. ಗಿರಾಕಿಯೊಬ್ಬರು ಹೊಸ ಯಂತ್ರ ತಂದು ನಮ್ಮ ಹಳೆಯ ಪ್ರೋಗ್ರಾಮನ್ನು ಏರಿಸಿದಾಗ ಖಾಸಗಿ ಖಾನೆ ಕೊಡಲಾಗದು ಎಂದಿತು ಸರ್ವರ್. ಬಣ್ಣಗಳೆಲ್ಲ ಬಂದವು, ಮಿನುಗು ಮಾತ್ರ ನಿಂತಿತು. ಮತ್ತೆ ಮತ್ತೆ ಬರೆಯುವ ಹಳೇ ಪದ್ಧತಿಗೇ ಹೋದೆವು. ಯಂತ್ರ ಅಷ್ಟರಲ್ಲಿ ಎಷ್ಟು ವೇಗವಾಗಿತ್ತೆಂದರೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಆ ಹೊತ್ತಿಗೆ ಮೋಟಿಫ್ ಬಿಟ್ಟು ಜಿಟಿಕೆಗೆ ಬಂದಿದ್ದೆವು. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಗಿಂಪ್ ಎಂಬ ಚಿತ್ರದ ಪ್ರೋಗ್ರಾಮನ್ನು ಮೋಟಿಫಿನಲ್ಲೇ ಶುರುಮಾಡಿ, ಅದು ಸರಿಹೋಗದೆ ತಮ್ಮದೇ ಲೈಬ್ರರಿಯಾಗಿ ಜಿಟಿಕೆಯನ್ನು ಕಟ್ಟಿಕೊಂಡಿದ್ದರು; ಅದರ 1.0 ಆವೃತ್ತಿ 1998ರದು. ಹೊಸ ಮನೆಯಲ್ಲೂ ಹಳೇ ಲೆಕ್ಕದ ಪುಸ್ತಕ ಹಾಗೇ ಬಂದಿತ್ತು. ಅಲ್ಲಿನ ಬಣ್ಣದಲ್ಲಿ ಕೆಂಪು, ಹಸಿರು, ನೀಲಿಗಳ ಜೊತೆ ಪಿಕ್ಸೆಲ್ ಎಂಬ ನಾಲ್ಕನೆಯ ಅಂಕಣ. ಮೂರನ್ನು ತುಂಬಿ, ಅಲಾಟ್ ಮಾಡದೆ ಬಿಟ್ಟರೆ ಪಿಕ್ಸೆಲ್ ಸೊನ್ನೆಯಲ್ಲೇ ಉಳಿದು ಪರದೆ ಕಪ್ಪು. ಮೌಲ್ಯಗಳು 255ರವರೆಗಲ್ಲ, 65535ರವರೆಗೆ; ಅದಕ್ಕೆ 257ರಿಂದ ಗುಣಿಸಬೇಕು. ಕಿರಿಯರು 256ರಿಂದ ಗುಣಿಸಿ ಬಿಳಿಯನ್ನು ಒಂದು ಕೂದಲೆಳೆ ಮಾಸಲು ಮಾಡುತ್ತಿದ್ದರು. ಚಿತ್ರಗಳ ಮಟ್ಟಿಗೆ ರಾಫ್ ಲೆವಿಯನ್ ಬರೆದ ಜಿಡಿಕೆ-ಆರ್‌ಜಿಬಿ ಬಂದು ಈ ತಾಪತ್ರಯ ತಪ್ಪಿಸಿತು: ಎಂಟು ಬಿಟ್ಟಿನ ಯಂತ್ರವಾದರೆ ತಾನೇ ಚುಕ್ಕಿಗಳ ವಿದ್ಯೆ ಮಾಡಿ ತೋರಿಸುತ್ತಿತ್ತು. 2011ರಲ್ಲಿ ಬಂದ ಜಿಟಿಕೆ 3ರಲ್ಲಿ ಕಲರ್‌ಮ್ಯಾಪನ್ನೇ ತೆಗೆದುಹಾಕಿದರು. ಕೇಳುವ ಫಂಕ್ಷನ್ನೂ ಇಲ್ಲ, ಬಿಡುವ ಫಂಕ್ಷನ್ನೂ ಇಲ್ಲ. ಸೊನ್ನೆಯಿಂದ ಒಂದರವರೆಗಿನ ನಾಲ್ಕು ದಶಮಾಂಶ ಸಂಖ್ಯೆ ಬರೆಯಿರಿ, ಮುಗಿಯಿತು. ನನ್ನ ಲೈಬ್ರರಿಯಲ್ಲಿ ಆಮೇಲೆ ಉಳಿದದ್ದು ಆ ಪಟ್ಟಿ ಮಾತ್ರ.

ಹೋಯಿತಲ್ಲ ಎಂದು ನನಗೆ ಬೇಸರವೇನಿಲ್ಲ. ಆ ಕೋಡನ್ನು ಮತ್ತೆ ಬರೆ ಎಂದರೆ ಕೈಮುಗಿಯುತ್ತೇನೆ. ಆದರೆ ಬಣ್ಣ ಬಿಟ್ಟಿಯಾದ ಮೇಲೆ ಕಂಟ್ರೋಲ್ ರೂಮುಗಳಲ್ಲಿ ನೋಡಿದ ಪರದೆಗಳು ಕೆಲವು ನನ್ನ ಕಣ್ಣಿಗೆ ಜಾತ್ರೆಯಂತಿದ್ದವು: ಹೊಳೆಯುವ ಪೈಪು, ಮೂರು ಆಯಾಮದ ತೊಟ್ಟಿ, ಅದರೊಳಗೆ ಅಲೆಯಾಡುವ ನೀರು, ಎಲ್ಲೋ ಮೂಲೆಯಲ್ಲಿ ಕೆಂಪು ಅಲಾರಮ್ಮು. 2015ರಲ್ಲಿ ಐಎಸ್‌ಎ-101 ಎಂಬ ಮಾನಕ ಬಂದ ಮೇಲೆ, ಹಿನ್ನೆಲೆ ಬೂದು ಇರಲಿ, ಸರಿಯಾಗಿ ಓಡುತ್ತಿರುವುದೂ ಬೂದೇ ಇರಲಿ, ಬಣ್ಣವನ್ನು ಕೆಟ್ಟದ್ದಕ್ಕೆ ಮೀಸಲಿಡಿ ಎಂದು ಹೇಳುವವರ ಮಾತಿಗೆ ಬೆಲೆ ಬಂತು. ತರಬೇತಿಯಲ್ಲಿ ಅದನ್ನು ಹೊಸ ಶೋಧವೆಂಬಂತೆ ವಿವರಿಸುತ್ತಿದ್ದ ಹುಡುಗನಿಗೆ ನಾನು ಅಡ್ಡ ಮಾತಾಡಲಿಲ್ಲ. ನಮ್ಮ 1996ರ ಪರದೆ ಬೂದಾಗಿದ್ದುದು ಜ್ಞಾನದಿಂದಲ್ಲ, ಖಾನೆ ಇಲ್ಲದ್ದರಿಂದ.

216ರ ಆ ಘನ ಮಾತ್ರ ಸತ್ತಿಲ್ಲ. ಇವತ್ತಿನ ಲಿನಕ್ಸ್ ಟರ್ಮಿನಲ್ ತೆರೆದರೆ 256 ಬಣ್ಣಗಳ ಪಟ್ಟಿಯೊಂದು ಅದರೊಳಗಿದೆ: ಮೊದಲ 16 ಹಳೇ ಬಣ್ಣ, ನಡುವೆ ಆರು ಆರು ಆರರ 216, ಕೊನೆಗೆ 24 ಬೂದು. ನಮ್ಮ ಆಫೀಸಿನ ಹುಡುಗಿಯೊಬ್ಬಳು ದೋಷದ ಸಂದೇಶಗಳನ್ನು ಕೆಂಪಾಗಿ ಮುದ್ರಿಸಲು ದಿನಾ ಅದನ್ನೇ ಬಳಸುತ್ತಾಳೆ. ಯಾರನ್ನೂ ಕೇಳುವುದಿಲ್ಲ, 196 ಎಂದು ಬರೆಯುತ್ತಾಳೆ, ಕೆಂಪು ಬರುತ್ತದೆ.